ಒಣ ಹಿತ್ತಲು, ಕಾಲುವೆ ಹಿತ್ತಲು: ಕೊಪ್ಪಳ ಸೀಮೆಯ ಮನೆಗೊಬ್ಬರದ ಬಗ್ಗೆ ಒಂದು ಟಿಪ್ಪಣಿ

ಕೃಷಿ ಇಲಾಖೆಯ ವಲಯ ನಕಾಶೆಯಲ್ಲಿ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ನಾಲ್ಕೂ ಉತ್ತರ ಒಣ ವಲಯಕ್ಕೇ ಸೇರಿವೆ. ವರ್ಷದ ಮಳೆ 600 ಮಿ.ಮೀ. ಆಸುಪಾಸು. ಆದರೆ 1953ರಲ್ಲಿ ತುಂಗಭದ್ರಾ ಅಣೆಕಟ್ಟೆ ಮುಗಿದು ಎಡದಂಡೆ ಕಾಲುವೆ ಹರಿದ ಮೇಲೆ ಗಂಗಾವತಿಯ ಬದುಕು ಬೇರೆಯಾಯಿತು. ಅಲ್ಲಿ ಭತ್ತ, ಅಕ್ಕಿ ಗಿರಣಿ, ನಿಂತ ನೀರು. ಯಲಬುರ್ಗಾ, ಕುಷ್ಟಗಿಗಳಲ್ಲಿ ಎರೆ ಮತ್ತು ಮಸಾರಿ ಭೂಮಿ, ಜೋಳ, ಸಜ್ಜೆ, ಕಡಲೆ, ಮಳೆಯ ದಾರಿ ಕಾಯುವುದು. ಮನೆಗೊಬ್ಬರದ ಕೈಪಿಡಿಗಳು ಸಾಮಾನ್ಯವಾಗಿ ಯಾವ ಕಸ ಹಾಕಬಹುದು, ಯಾವುದು ಬಾರದು ಎಂಬ ಪಟ್ಟಿಯಿಂದ ಶುರುವಾಗುತ್ತವೆ. ಈ ಸೀಮೆಯ ಮಟ್ಟಿಗೆ ಆ ಪಟ್ಟಿ ಎರಡನೆಯ ಮಾತು. ಗುಂಡಿಯೋ ಗುಡ್ಡೆಯೋ, ಮಗುಚಬೇಕೋ ಮುಚ್ಚಿಡಬೇಕೋ ಎಂಬುದನ್ನೆಲ್ಲ ಇಲ್ಲಿ ತೀರ್ಮಾನಿಸುವುದು ನೀರು. ಆ ನೀರಿನಲ್ಲಿರುವ ಉಪ್ಪು.

ನಮ್ಮ ಪಠ್ಯಗಳಲ್ಲಿ ಬಳಕೆಯಲ್ಲಿರುವ ಎರಡು ವಿಧಾನಗಳೂ ಭಾರತದಲ್ಲೇ ರೂಪುಗೊಂಡವು. ಆಲ್ಬರ್ಟ್ ಹೋವರ್ಡ್ 1924ರಿಂದ 1931ರವರೆಗೆ ಇಂದೋರಿನಲ್ಲಿ ಕಟ್ಟಿದ್ದು ಗಾಳಿಯಾಡುವ ವಿಧಾನ: ಆಳವಿಲ್ಲದ ಗುಂಡಿ, ಸಗಣಿ, ಗಂಜಲ ಹೀರಿದ ಮಣ್ಣು, ಬೂದಿ, ಎರಡು ತಿಂಗಳೊಳಗೆ ಮೂರು ಸಲ ಮಗುಚುವುದು, ಪ್ರತಿ ಸಲ ನೀರು ಚಿಮುಕಿಸುವುದು, ಮೂರು ತಿಂಗಳಿಗೆ ಗೊಬ್ಬರ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ.ಎನ್. ಆಚಾರ್ಯ ಅವರು 1939ರ ಹೊತ್ತಿಗೆ ರೂಪಿಸಿದ್ದು ಇದರ ತದ್ವಿರುದ್ಧ: ಪದರ ಪದರವಾಗಿ ತುಂಬಿ, ಒಮ್ಮೆ ತೋಯಿಸಿ, ಮೇಲೆ ಕೆಸರು ಮೆತ್ತಿ, ಆರೆಂಟು ತಿಂಗಳು ಮುಟ್ಟದೆ ಬಿಡುವುದು. ಪುರಸಭೆಗಳ ಕಸ ಮತ್ತು ಮಲದ ವಿಲೇವಾರಿಗೆಂದು ಹುಟ್ಟಿದ ವಿಧಾನವಾದ್ದರಿಂದ ಮನೆಯ ಕೈತೋಟದವರು ಅದರತ್ತ ಹೆಚ್ಚು ನೋಡಿಲ್ಲ. ಈಗ ಕಲಿಸುವುದೆಲ್ಲ ಬಹುಪಾಲು ಇಂದೋರ್ ವಿಧಾನದ ಮರಿಗಳೇ.

ಲೆಕ್ಕ ಹಾಕಿ ನೋಡೋಣ. ಕೊಳೆಯುವ ರಾಶಿಯ ತೂಕದಲ್ಲಿ ಅರ್ಧದಿಂದ ಶೇ. 60ರಷ್ಟು ನೀರಿರಬೇಕು. 100 ಕಿಲೊ ಒಣ ಕಸವನ್ನು ಶೇ. 60ಕ್ಕೆ ತರಲು 150 ಲೀಟರ್ ನೀರು. ಮಗುಚಿದಾಗಲೆಲ್ಲ ಆವಿ ಹಾರುತ್ತದೆ. ಏಪ್ರಿಲ್‌ನ 40 ಡಿಗ್ರಿ ಬಿಸಿಲಲ್ಲಿ ಮತ್ತೆ ಅಷ್ಟೇ, ಅದಕ್ಕೂ ಹೆಚ್ಚು ಸುರಿಯಬೇಕಾದೀತು. ಕುಡಿಯುವ ನೀರಿಗೇ ಕೊಡ ಹಿಡಿದು ನಿಲ್ಲುವ ಊರಲ್ಲಿ ಮಗುಚುವ ವಿಧಾನ ಕಲಿಸುವುದು ಬರೀ ಮಾತಾಗುತ್ತದೆ. ಯಲಬುರ್ಗಾ ಕಡೆಯ ಹಿತ್ತಲಿಗೆ ಹೊಂದುವುದು ಆಚಾರ್ಯರ ಮುಚ್ಚಿದ ಗುಂಡಿಯೇ ಎಂದು ನನ್ನ ಅಭಿಪ್ರಾಯ.

ಅಲ್ಲಿಯ ತಿಪ್ಪೆಯೊಂದನ್ನು ಬೇಸಿಗೆಯಲ್ಲಿ ಸಲಿಕೆಯಿಂದ ನೆಟ್ಟಗೆ ಸೀಳಿದರೆ ಇದರ ಕಾರಣ ಕಣ್ಣಿಗೇ ಕಾಣುತ್ತದೆ. ಮೇಲಿನ ಒಂದು ಗೇಣು ಒಣಗಿದ ಸಗಣಿ ಹೆಕ್ಕಳೆ, ದನ ತಿಂದು ಬಿಟ್ಟ ಜೋಳದ ದಂಟು, ಅವುಗಳ ನಡುವೆ ಗೆದ್ದಲಿನ ಮಣ್ಣುಗೂಡು. ಕೆಳಗೆ ಬೂದು ಬಿಳುಪಿನ, ಮುಟ್ಟಿದರೆ ಪುಡಿಯಾಗುವ ಪದರ: ಒಳಗೆ ಕಾವೇರಿದಾಗ ತೇವ ಸಾಲದೆ ಕೆಲಸ ಅರ್ಧಕ್ಕೆ ನಿಂತ ಗುರುತು. ಕಪ್ಪಗೆ, ಮಣ್ಣಿನ ವಾಸನೆಯ ಗೊಬ್ಬರ ಸಿಗುವುದು ತೀರ ತಳದಲ್ಲಿ. ನೆಲಮಟ್ಟದಿಂದ ಮೂರಡಿ ಕೆಳಗೆ ಗುಂಡಿ ತೆಗೆದು, ಸುಗ್ಗಿಯ ನಂತರದ ಕಸ ತುಂಬಿ, ಮೇಲೆ ಎರೆಮಣ್ಣಿನ ಕೆಸರು ಮೆತ್ತಿ, ಬಿರುಕು ಬಿಟ್ಟಲ್ಲಿ ಮತ್ತೆ ಸಾರಿಸಿದರೆ ಒಮ್ಮೆ ಹಾಕಿದ ನೀರು ಒಳಗೇ ಉಳಿಯುತ್ತದೆ. ನೀರಿನ ತೊಡಕು ಹೀಗೆ ತಗ್ಗಿದ ಮೇಲೆ ಅಲ್ಲಿ ಉಳಿಯುವ ಕೊರತೆ ಕಸದ್ದು. ಕಣಿಕೆ ದನದ ಬಾಯಿಗೆ, ತೊಗರಿ ಕಟ್ಟಿಗೆ ಒಲೆಗೆ, ಸಗಣಿಯಲ್ಲಿ ಒಂದು ಪಾಲು ಕುಳ್ಳಿಗೆ. ಸಗಣಿ ಸುಡುವುದು ಈ ಸೀಮೆಗೆ ಹೊಸತೇನಲ್ಲ. ಸುತ್ತಲಿನ ಜಿಲ್ಲೆಗಳ ಬೂದಿದಿಬ್ಬಗಳು ನವಶಿಲಾಯುಗದ ದನಗಾಹಿಗಳು ಸುಟ್ಟ ಸಗಣಿಯ ರಾಶಿಗಳೆಂಬುದು ಎಫ್.ಆರ್. ಆಲ್ಚಿನ್ 1957ರಲ್ಲಿ ಉಟ್ನೂರಿನಲ್ಲಿ ಅಗೆದು ನೋಡಿದ ಮೇಲೆ ಗಟ್ಟಿಯಾಯಿತು.

ಗಂಗಾವತಿ ಕಡೆ ಇದೇ ಗುಂಡಿ ಕೆಡುತ್ತದೆ. ಗದ್ದೆಗೆ ನೀರು ಕಟ್ಟಿದ ತಿಂಗಳುಗಳಲ್ಲಿ ನೆಲದಡಿಯ ನೀರು ಮೇಲೇರುತ್ತದೆ. ಗುಂಡಿಯ ತಳ ಜವಳಾಗಿ, ಕೊಳೆತ ಮೊಟ್ಟೆಯ ನಾತ ಹೊಡೆದು, ಸಾರವೆಲ್ಲ ಬಸಿದು ಹೋಗುತ್ತದೆ. ಅಲ್ಲಿ ನೆಲದ ಮೇಲೆ, ಇಟ್ಟಿಗೆ ಚೂರು ಇಲ್ಲವೆ ಕಟ್ಟಿಗೆ ಹಾಸಿ, ಗುಡ್ಡೆ ಹಾಕಬೇಕು. ಹೋವರ್ಡ್ ಕೂಡ ಮಳೆಗಾಲಕ್ಕೆ ಗುಂಡಿ ಬಿಟ್ಟು ಗುಡ್ಡೆಗೆ ಹೋಗಲು ಹೇಳಿದ್ದರು. ಕಸಕ್ಕೆ ಅಲ್ಲಿ ಬರವಿಲ್ಲ. ಯಂತ್ರದ ಕಟಾವಿನ ನಂತರ ಗದ್ದೆಯಲ್ಲೇ ಬೆಂಕಿಗೆ ಹೋಗುವ ಭತ್ತದ ಹುಲ್ಲು ಒಂದು. ಆನೆಗೊಂದಿಯ ಬಾಳೆದಿಂಡು ಇನ್ನೊಂದು. ನಾರು ತೆಗೆದ ಮೇಲೆ ಉಳಿಯುವ ದಿಂಡಿನ ತಿರುಳು ಹೆಚ್ಚುಕಡಿಮೆ ನೀರೇ, ಪೊಟ್ಯಾಷ್ ಹೇರಳ. ಒಣ ಹುಲ್ಲಿನ ನಡುವೆ ಪದರವಾಗಿ ಹಾಕಿದರೆ ಬೇರೆ ನೀರು ಸುರಿಯುವ ಕೆಲಸ ಬಹಳ ತಗ್ಗುತ್ತದೆ. ಗಿರಣಿಯ ಹೊಟ್ಟು ಬೇರೆ ಮಾತು. ಅದರ ತೂಕದ ಐದರಲ್ಲೊಂದು ಪಾಲು ಬೂದಿ, ಆ ಬೂದಿಯಲ್ಲಿ ಬಹುಪಾಲು ಸಿಲಿಕ. ವರ್ಷ ಕಳೆದರೂ ಹೊಟ್ಟು ಹೊಟ್ಟಾಗಿಯೇ ಇರುತ್ತದೆ. ಗುಡ್ಡೆಯೊಳಗೆ ಗಾಳಿಯಾಡಲು ಹಿಡಿಯಷ್ಟು ಸಾಕು.

ಇನ್ನು ಉಪ್ಪು. ಕೊಪ್ಪಳ ಜಿಲ್ಲೆಯಲ್ಲಿ ಕೊಳವೆಬಾವಿಯ ನೀರು ಅನೇಕ ಕಡೆ ಗಡುಸು. ಫ್ಲೋರೈಡ್ ತೊಂದರೆಯೂ ಇದೆ. ಕುಡಿಯುವ ನೀರಿನ ಮಾನಕದಲ್ಲಿ ಬೇರೆ ದಾರಿ ಇಲ್ಲದಾಗ ಒಪ್ಪುವ ಗರಿಷ್ಠ ಕರಗಿದ ಲವಣ ಲೀಟರಿಗೆ 2 ಗ್ರಾಂ. ಅಂಥ ನೀರನ್ನು ಬೇಸಿಗೆಯುದ್ದಕ್ಕೂ ಒಂದು ಗುಡ್ಡೆಗೆ 500 ಲೀಟರ್ ಸುರಿದರೆ ನೀರು ಆವಿಯಾಗುತ್ತದೆ, 1 ಕಿಲೊ ಉಪ್ಪು ಉಳಿಯುತ್ತದೆ. ಅಷ್ಟರಲ್ಲಿ 100 ಕಿಲೊ ಒಣ ಕಸ ಕೊಳೆತು ಅರ್ಧಕ್ಕೆ ಇಳಿದಿರುತ್ತದೆ. ಅಂದರೆ ಉಪ್ಪು ನೂರಕ್ಕೆ ಎರಡು. ರಸಗೊಬ್ಬರ ನಿಯಂತ್ರಣ ಆದೇಶ ಮಾರಾಟದ ನಗರ ಕಾಂಪೋಸ್ಟಿಗೆ, ಉಪ್ಪಿನ ಅಳತೆಯಾದ ವಿದ್ಯುತ್ ವಾಹಕತೆ ಮೀಟರಿಗೆ 4 ಡೆಸಿಸೀಮನ್ಸ್ ಮೀರಬಾರದೆಂದು ಕಟ್ಟು ಹಾಕಿದ್ದು ಇದಕ್ಕೇ. ಮನೆಯ ಗುಡ್ಡೆಗೆ ಅಂಥ ಕಾವಲಿಲ್ಲ. ಊರೂರಿನ ಶುದ್ಧ ನೀರಿನ ಘಟಕದಿಂದ ಹೊರಬೀಳುವ ನೀರನ್ನು ‘ಹಾಳಾಗದಿರಲಿ’ ಎಂದು ಗುಂಡಿಗೆ ಬಿಡುವವರಿದ್ದಾರೆ. ಒಳ್ಳೆಯ ಮನಸ್ಸಿನ ಕೆಟ್ಟ ಕೆಲಸ ಅದು, ಮೂಲ ನೀರಿಗಿಂತ ಅದರಲ್ಲಿ ಉಪ್ಪು ಹೆಚ್ಚು. ಅಕ್ಕಿ, ಬೇಳೆ ತೊಳೆದ ನೀರು ಬಳಸಲಿ. ಉಪ್ಪಿನಕಾಯಿ, ಉಳಿದ ಸಾರು ಗುಂಡಿಗೆ ಬೇಡ.

ಗೊಬ್ಬರದ ಮೈಮೇಲೆ ಬಿಳಿ ಪೊರೆ ಕಂಡರೆ ಬೂಷ್ಟೋ ಉಪ್ಪೋ ಎಂದು ಗುರುತಿಸುವುದು ಸುಲಭ: ಬೂಷ್ಟು ಎಳೆ ಎಳೆಯಾಗಿರುತ್ತದೆ, ನೀರು ಬಿದ್ದರೂ ಉಳಿಯುತ್ತದೆ; ಉಪ್ಪು ಹರಳು ಹರಳಾಗಿರುತ್ತದೆ, ನೀರು ಬಿದ್ದರೆ ಕರಗುತ್ತದೆ. ಅನುಮಾನವಿದ್ದರೆ ಒಂದು ಕುಂಡದಲ್ಲಿ ಬರೀ ಮಣ್ಣು, ಇನ್ನೊಂದರಲ್ಲಿ ಅರ್ಧ ಮಣ್ಣು ಅರ್ಧ ಗೊಬ್ಬರ ತುಂಬಿ ಬೀನ್ಸ್ ಬೀಜ ಹಾಕಬೇಕು. ತರಕಾರಿಗಳಲ್ಲಿ ಉಪ್ಪಿಗೆ ತೀರ ಬೇಗ ಸೋಲುವುದು ಅದೇ. ಎಲೆಯಂಚು ಸುಟ್ಟಂತೆ ಕಂದಿದರೆ ಮುಂಗಾರಿನ ಒಂದೆರಡು ದೊಡ್ಡ ಮಳೆಗೆ ಆ ಗೊಬ್ಬರವನ್ನು ತೆರೆದಿಟ್ಟು ತೊಳೆಯಬಿಡಬೇಕು. ಸಾರಜನಕವೂ ಒಂದಿಷ್ಟು ಹೋಗುತ್ತದೆ, ಉಪಾಯವಿಲ್ಲ.

ಬೂದಿ, ಮೊಟ್ಟೆಚಿಪ್ಪು ಹಾಕಿ ಎಂಬ ಸಲಹೆಯನ್ನೂ ಇಲ್ಲಿ ಕಣ್ಣುಮುಚ್ಚಿ ಒಪ್ಪಲಾಗದು. ಹುಳಿಮಣ್ಣಿನ ಮಲೆನಾಡಿಗೆ ಅದು ಸರಿ. ಎರೆಭೂಮಿಯ ರಸಸಾರ ಸಾಮಾನ್ಯವಾಗಿ 8ರ ಮೇಲೆ, ಕೆದಕಿದರೆ ಸುಣ್ಣದ ಹರಳು. ಅಲ್ಲಿ ಚಿಪ್ಪಿನಿಂದ ಆಗುವುದೇನೂ ಇಲ್ಲ, ಬೂದಿ ಹೆಚ್ಚಾದರೆ ಸತು, ಕಬ್ಬಿಣ ಗಿಡಕ್ಕೆ ಇನ್ನಷ್ಟು ದುರ್ಲಭ. ಗಂಗಾವತಿಯ ಸವಳು ನೆಲಕ್ಕೆ ಬರೀ ಕಾಂಪೋಸ್ಟ್ ಸಾಲದು. ಸೋಡಿಯಂ ಹಿಡಿದ ಮಣ್ಣಿಗೆ ಜಿಪ್ಸಮ್ ಮತ್ತು ಬಸಿಗಾಲುವೆ ಬೇಕು, ಗೊಬ್ಬರ ಜೊತೆಗಾರ ಮಾತ್ರ. ಸವಳು ಮಣ್ಣಿನ ಮೇಲೆ ಬಹುಕಾಲದಿಂದ ಕೆಲಸ ಮಾಡುತ್ತಿರುವ ಸಂಶೋಧನಾ ಕೇಂದ್ರ ಗಂಗಾವತಿಯಲ್ಲೇ ಇರುವುದರಿಂದ ಹಿತ್ತಲ ಮಣ್ಣು ತೋರಿಸಲು ದೂರ ಹೋಗಬೇಕಿಲ್ಲ.

ಹಾಕುವ ಪ್ರಮಾಣಕ್ಕೆ ತರಕಾರಿಯ ಹೆಕ್ಟೇರಿಗೆ 25 ಟನ್ ಎಂಬ ಲೆಕ್ಕ ಹಿಡಿದರೆ ಹತ್ತಡಿ ಉದ್ದಗಲದ ಮಡಿಗೆ ಸುಮಾರು 23 ಕಿಲೊ. ಬದನೆ, ಮೆಣಸಿನಗಿಡಕ್ಕೆ ಪೂರ್ತಿ ಹಣ್ಣಾದದ್ದೇ ಬೇಕು. ಅರೆಬೆಂದ ಗೊಬ್ಬರ ಮಸಾರಿ ನೆಲಕ್ಕೆ ಬಿದ್ದರೆ ಗೆದ್ದಲು, ಗೊಣ್ಣೆಹುಳ ಬೆನ್ನಿಗೇ ಬರುತ್ತವೆ. ಕುಷ್ಟಗಿ ಕಡೆ ದಾಳಿಂಬೆ ಸವರಿದ ಸೊಪ್ಪು ಸುಲಭಕ್ಕೆ ಸಿಗುತ್ತದೆ. ದುಂಡಾಣು ಅಂಗಮಾರಿ ಇರುವ ತೋಟದ್ದಾದರೆ ಅದು ಬೇಡ. ರೋಗಾಣು ಸಾಯಲು ರಾಶಿ 55 ಡಿಗ್ರಿಯಲ್ಲಿ ಮೂರು ದಿನವಾದರೂ ನಿಲ್ಲಬೇಕು. ಒಂದು ಘನ ಮೀಟರಿಗಿಂತ ಚಿಕ್ಕ ಮನೆಗುಡ್ಡೆ ಅಷ್ಟು ಕಾವು ಹಿಡಿಯುವುದು ಅಪರೂಪ, ಮುಚ್ಚಿದ ಗುಂಡಿಯಂತೂ ಇನ್ನೂ ತಣ್ಣಗೆ. ಆ ಸೊಪ್ಪನ್ನು ಮಾತ್ರ ಸುಡುವುದೇ ಸರಿ.