ಮೀನಖಂಡದ ಸೆಳೆತ ಮತ್ತು ಗಣಿಯ ಉಪ್ಪುನೀರು

ರಾತ್ರಿ ನಿದ್ದೆಗಣ್ಣಲ್ಲಿ ಕಾಲು ಚಾಚಿದ್ದೇ ತಡ, ಮೀನಖಂಡ ಗಂಟು ಕಟ್ಟಿಕೊಂಡು ಜೀವ ಬಾಯಿಗೆ ಬಂದಂತಾಗುವುದು ಎಷ್ಟು ಜನಕ್ಕೆ ಗೊತ್ತಿಲ್ಲ! ಬೆಳಿಗ್ಗೆ ಹೇಳಿಕೊಂಡರೆ "ಮೈಯಲ್ಲಿ ಉಪ್ಪು ಕಡಿಮೆಯಾಗಿದೆ, ಮಜ್ಜಿಗೆಗೆ ಉಪ್ಪು ಹಾಕಿ ಕುಡಿ" ಅನ್ನುವವರು ಒಬ್ಬರಾದರೂ ಇರುತ್ತಾರೆ. ಸೆಳೆತಕ್ಕೂ ಉಪ್ಪಿಗೂ ಇರುವ ಈ ನಂಟು ವೈದ್ಯವಿಜ್ಞಾನದೊಳಗೆ ಬಂದ ದಾರಿ ಸ್ವಾರಸ್ಯವಾಗಿದೆ. ಅದು ಹಾದುಹೋಗುವುದು ಕೂಲಿಕಾರರ ಬೆವರಿನ ಮೂಲಕ.

ಇಂಗ್ಲೆಂಡಿನ ಕಲ್ಲಿದ್ದಲ ಗಣಿಗಳಲ್ಲಿ ಆಳಕ್ಕೆ ಇಳಿದಷ್ಟೂ ಸೆಕೆ. ಕೆಲಸಗಾರರು ಗಂಟೆಗಟ್ಟಲೆ ಬೆವರು ಸುರಿಸಿ, ಬರೀ ನೀರು ಕುಡಿದು ಮತ್ತೆ ಪಿಕಾಸಿ ಹಿಡಿಯುತ್ತಿದ್ದರು. ಆಮೇಲೆ ಕೈ, ಕಾಲು, ಹೊಟ್ಟೆಯ ಸ್ನಾಯುಗಳು ಹಿಡಿದುಕೊಂಡು ಒದ್ದಾಡುತ್ತಿದ್ದರು. 1923ರಲ್ಲಿ ಕೆ. ನೆವಿಲ್ ಮಾಸ್ ಎಂಬಾತ ಇದರ ಬಗ್ಗೆ ಒಂದು ಪ್ರಬಂಧ ಪ್ರಕಟಿಸಿದ. ಬೆವರಿನ ಜತೆ ಉಪ್ಪೂ ಹೋಗುತ್ತದೆ, ಮೇಲೆ ಬರೀ ನೀರು ಕುಡಿದರೆ ರಕ್ತದಲ್ಲಿ ಉಳಿದ ಉಪ್ಪೂ ತೆಳುವಾಗುತ್ತದೆ ಎಂಬುದು ವಾದ. ಕುಡಿಯುವ ನೀರಿಗೆ ಸ್ವಲ್ಪ ಉಪ್ಪು ಬೆರೆಸಿ ಕೊಟ್ಟಾಗ ಸೆಳೆತ ತಗ್ಗಿತು.

ಈ ಕೆಲಸಕ್ಕೆ ಬೆನ್ನೆಲುಬಾಗಿದ್ದವರು ಜೆ.ಎಸ್. ಹಾಲ್ಡೇನ್. ಗಣಿಯ ವಿಷಾನಿಲ ಪತ್ತೆಗೆ ಕ್ಯಾನರಿ ಹಕ್ಕಿ ಬಳಸಿ ಎಂದವರೂ ಇವರೇ. ಅಂದ ಹಾಗೆ, ಇವರ ಮಗ ಜೆ.ಬಿ.ಎಸ್. ಹಾಲ್ಡೇನ್ 1957ರಲ್ಲಿ ಭಾರತಕ್ಕೆ ಬಂದು, ಇಲ್ಲಿನ ಪ್ರಜೆಯೇ ಆಗಿ, 1964ರಲ್ಲಿ ಭುವನೇಶ್ವರದಲ್ಲಿ ತೀರಿಕೊಂಡರು.

ಆದರೆ ಗಣಿಯ ಪಾಠ ಎಲ್ಲ ಕಡೆ ಮುಟ್ಟಿರಲಿಲ್ಲ. 1931ರ ಬೇಸಿಗೆಯಲ್ಲಿ ಅಮೆರಿಕದ ಕೊಲೊರಾಡೊ ನದಿಗೆ ಹೂವರ್ ಅಣೆಕಟ್ಟು ಕಟ್ಟುತ್ತಿದ್ದಾಗ ತಾಪ 48 ಡಿಗ್ರಿ ಸೆಲ್ಸಿಯಸ್ ಹತ್ತಿರ ಹೋಗುತ್ತಿತ್ತು. ಹನ್ನೆರಡಕ್ಕೂ ಹೆಚ್ಚು ಜನ ಬಿಸಿಲ ಹೊಡೆತಕ್ಕೆ ಸತ್ತರು. ಆಗಸ್ಟಿನಲ್ಲಿ ಕೆಲಸಗಾರರು ಮುಷ್ಕರ ಹೂಡಿದರು. ಅವರ ಬೇಡಿಕೆಗಳಲ್ಲಿ ಒಂದು ಏನು ಗೊತ್ತೇ? ಕುಡಿಯಲು ತಣ್ಣೀರು! ಕಂಪನಿ ಒಪ್ಪಲಿಲ್ಲ, ಮುಷ್ಕರ ಮುರಿಯಿತು. ಮರುವರ್ಷ ಹಾರ್ವರ್ಡ್‌ನ ಆಯಾಸ ಪ್ರಯೋಗಾಲಯದ ಡಿ.ಬಿ. ಡಿಲ್ ತಂಡ ಅಲ್ಲಿಗೆ ಹೋಗಿ ಕೆಲಸಗಾರರ ಬೆವರನ್ನೂ ರಕ್ತವನ್ನೂ ಪರೀಕ್ಷಿಸಿತು. ಬಂದ ಉತ್ತರ ಮಾಸ್ ಹೇಳಿದ್ದೇ: ನೀರು ಬೇಕು, ಜತೆಗೆ ಉಪ್ಪೂ ಬೇಕು.

ಇಲ್ಲಿಯವರೆಗೆ ಸರಿ. ಎಡವಟ್ಟಾದದ್ದು ಆಮೇಲೆ. ಬಿಸಿಲಲ್ಲಿ ದುಡಿದವನ ಸೆಳೆತಕ್ಕೆ ಸಿಕ್ಕ ಉತ್ತರವನ್ನು ಎಲ್ಲ ಸೆಳೆತಕ್ಕೂ ಅಂಟಿಸಿಬಿಟ್ಟರು. ಫ್ಯಾನಿನ ಕೆಳಗೆ ಮಲಗಿದವನು ಎಷ್ಟು ಬೆವರುತ್ತಾನೆ ಹೇಳಿ? 1997ರಲ್ಲಿ ದಕ್ಷಿಣ ಆಫ್ರಿಕಾದ ಮಾರ್ಟಿನ್ ಶ್ವೆಲ್ನುಸ್ ಬೇರೆಯೇ ವಾದ ಮುಂದಿಟ್ಟರು. ದಣಿದ ಸ್ನಾಯುವಿನಲ್ಲಿ 'ಕುಗ್ಗು' ಎನ್ನುವ ನರಸಂದೇಶ ಹೆಚ್ಚಿ, 'ಸಾಕು, ಬಿಡು' ಎನ್ನುವ ಸಂದೇಶ ಕುಂದುತ್ತದೆ, ಅದೇ ಸೆಳೆತ ಎಂದರು. 2004ರಲ್ಲಿ ಅವರ ತಂಡ ದೂರ ಓಟಗಾರರ ರಕ್ತ ನೋಡಿದಾಗ, ಸೆಳೆತ ಬಂದವರಿಗೂ ಬಾರದವರಿಗೂ ಲವಣದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ.

2010ರ ಇನ್ನೊಂದು ಪ್ರಯೋಗ ಮಜವಾಗಿದೆ. ಕೆವಿನ್ ಮಿಲ್ಲರ್ ಮತ್ತು ಸಂಗಡಿಗರು ಕಾಲ್ಬೆರಳಿನ ಸ್ನಾಯುವಿಗೆ ವಿದ್ಯುತ್ ಕೊಟ್ಟು ಸೆಳೆತ ಬರಿಸಿ, ಸೌತೆಕಾಯಿ ನೆನೆಹಾಕಿದ ಉಪ್ಪು-ವಿನೆಗರ್ ನೀರು ಕುಡಿಸಿದರು. ಬರೀ ನೀರು ಕುಡಿದಾಗ ಸೆಳೆತ ಸುಮಾರು 134 ಸೆಕೆಂಡು ಇದ್ದರೆ, ಇದನ್ನು ಕುಡಿದಾಗ 85 ಸೆಕೆಂಡಿಗೇ ಬಿಟ್ಟಿತು. ಅಷ್ಟರಲ್ಲಿ ಉಪ್ಪು ಹೊಟ್ಟೆಯಿಂದ ರಕ್ತ ಸೇರುವುದು ಸಾಧ್ಯವಿಲ್ಲ. ಬಾಯಿ-ಗಂಟಲಿನ ನರಗಳಿಗೆ ಹುಳಿ ತಾಗಿ ಆದ ಪರಿಣಾಮವಿರಬೇಕು ಎಂದು ಅವರ ಊಹೆ. (ನಮ್ಮ ಮಿಡಿ ಉಪ್ಪಿನಕಾಯಿ ರಸದ ಮೇಲೆ ಯಾರಾದರೂ ಪ್ರಯೋಗ ಮಾಡಬೇಕು :) )

ಈ ಎಲ್ಲ ವಾದಗಳ ನಡುವೆ ಅಲುಗದೆ ನಿಂತಿರುವುದು ಹಳೆಯ ಉಪಾಯವೇ. ಮಂಡಿ ನೇರ ಇಟ್ಟು, ಪಾದದ ಬೆರಳುಗಳನ್ನು ನಿಮ್ಮ ಕಡೆಗೆ ಮೆಲ್ಲಗೆ ಎಳೆದು ಹಿಡಿಯಿರಿ. ಸ್ನಾಯು ಹಿಗ್ಗಿದಾಗ ಸ್ನಾಯುರಜ್ಜುವಿನಿಂದ 'ಬಿಡು' ಎನ್ನುವ ಸಂದೇಶ ಹೋಗುತ್ತದೆ. ಬಿಪಿ ಇರುವವರು ಸೆಳೆತ ಬಂತೆಂದು ಉಪ್ಪಿಗೆ ಕೈ ಹಾಕುವುದು ಬೇಡ. ಪದೇ ಪದೇ ಬಂದರೆ ಡಾಕ್ಟರಿಗೆ ತೋರಿಸಿ.

ಹಾಗಂತ ಗಣಿಯ ಪಾಠ ಸುಳ್ಳಾಗಿಲ್ಲ. ಏಪ್ರಿಲ್ ಬಿಸಿಲಲ್ಲಿ ರಸ್ತೆಗೆ ಡಾಂಬರು ಹಾಕುವವನಿಗೆ, ಸೆಂಟ್ರಿಂಗ್ ಕೆಲಸದವನಿಗೆ ಅದು ಇವತ್ತಿಗೂ ನಿಜ. ಉಪ್ಪು ಹಾಕಿದ ಒಂದು ಚೊಂಬು ಮಜ್ಜಿಗೆ ನಮಗಿಂತ ಮೊದಲು ಸಲ್ಲಬೇಕಾದ್ದು ಅವರಿಗೆ. ಜತೆಗೆ ಒಂದಿಷ್ಟು ನೆರಳು ಕೂಡ.