ಗೋವಾದ ಪಾಳು ತೋಟದಲ್ಲಿ ಹಳೆಯ ಬಾಟಲಿ

ಗೋವಾದಲ್ಲಿ ಪೋರ್ಚುಗೀಸರ ಆಡಳಿತ ಮುಗಿದದ್ದು 1961ರ ಡಿಸೆಂಬರ್ 19ರಂದು. ಅವರ ಕೋಟೆ, ಇಗರ್ಜಿಗಳ ಚರಿತ್ರೆ ಪುಸ್ತಕಗಳಲ್ಲಿದೆ. ಸಾಮಾನ್ಯ ಮನೆಯವರು ಏನು ಕೊಂಡರು, ಏನು ಕುಡಿದರು ಎಂಬುದಕ್ಕೆ ಪಾಳುಬಿದ್ದ ತೋಟದ ಕಸದ ಗುಂಡಿಯೇ ಸಾಕ್ಷಿ.

ಮೆಕ್ಯಾನಿಕಲ್ ಓದಿದವರು ಮೊದಲು ನೋಡುವುದು ಬಾಟಲಿಯ ಅಚ್ಚಿನ ಗೆರೆ. ಅದು ಕುತ್ತಿಗೆಯಲ್ಲೇ ನಿಂತಿದ್ದರೆ ಬಾಯಿ ಕೈಕೆಲಸದ್ದು. ತುಟಿಯ ಮೇಲೂ ಹಾದಿದ್ದರೆ ಸಾಮಾನ್ಯವಾಗಿ ಯಂತ್ರದ್ದು. ಅಮೆರಿಕದ ಮೈಕೆಲ್ ಓವೆನ್ಸ್ ಸ್ವಯಂಚಾಲಿತ ಯಂತ್ರ ರೂಪಿಸಿದ್ದು 1903ರಲ್ಲಿ. ನಮ್ಮ ಗೋಲಿ ಸೋಡಾದ ಬಾಟಲಿ ಅದಕ್ಕೂ ಹಿಂದಿನದು. 1870ರ ದಶಕದಲ್ಲಿ ಇಂಗ್ಲೆಂಡಿನ ಹಿರಮ್ ಕಾಡ್ ಮಾಡಿದ್ದು. ಗೋಲಿಗಾಗಿ ಮಕ್ಕಳು ಒಡೆಯುತ್ತಿದ್ದುದರಿಂದ ಇಡಿಯಾಗಿ ಸಿಗುವುದು ಅಪರೂಪ.

ಆದರೆ ಬಾಟಲಿಯ ವಯಸ್ಸೇ ಗುಂಡಿಯ ವಯಸ್ಸಲ್ಲ. ಪೋರ್ಚುಗಲ್‌ನಿಂದ ವೈನ್ ತುಂಬಿ ಬಂದ ‘ಗರಾಫಾಂವ್’ ಎಂಬ ದಪ್ಪ ಹೊಟ್ಟೆಯ ಬಾಟಲಿಗಳಲ್ಲಿ ಗೋವಾದವರು ಆಮೇಲೆ ಫೆನಿ ತುಂಬಿಟ್ಟರು. ನಮ್ಮ ಅಂಗಡಿಯಲ್ಲೂ ಖಾಲಿ ಬಾಟಲಿ ಎಸೆಯುತ್ತಿರಲಿಲ್ಲ, ಎಣ್ಣೆಗೆ ಬೇಕಿತ್ತು. ಹಾಗಾಗಿ ಪಕ್ಕದಲ್ಲಿ ಸಿಕ್ಕಿದ್ದನ್ನೂ ನೋಡಬೇಕು. ಮಂಗಳೂರು ಹಂಚಿನ ತುಂಡಿದ್ದರೆ ಆ ಪದರ 1860ರ ದಶಕಕ್ಕಿಂತ ಹಿಂದಿನದಲ್ಲ. ಬಾಸೆಲ್ ಮಿಷನ್ ಹಂಚಿನ ಕೆಲಸ ಶುರು ಮಾಡಿದ್ದೇ ಆಗ.

ತೋಟದವರ ಒಪ್ಪಿಗೆ ಪಡೆದು ಅಗೆಯಿರಿ. ಎಷ್ಟು ಆಳದಲ್ಲಿ, ಯಾವುದರ ಜೊತೆ ಸಿಕ್ಕಿತು ಎಂದು ಬರೆದಿಡಿ. ಇಲ್ಲದಿದ್ದರೆ ಅದು ಗುಜರಿಯವರು ಕಿಲೋ ಲೆಕ್ಕದಲ್ಲಿ ಕೊಳ್ಳುವ ಬರೀ ಗಾಜು.