ಪೋಸ್ಟ್‌ಕಾರ್ಡಿನ ಚೀನಾ

ಲಿಂಗ್‌ಚಿ ಅಂದ್ರೆ ಕಂಬಕ್ಕೆ ಕಟ್ಟಿ, ಮೈಯನ್ನು ತುಂಡುತುಂಡಾಗಿ ಕತ್ತರಿಸಿ ಕೊಲ್ಲುವ ಶಿಕ್ಷೆ. 1905ರ ಸುಮಾರಿಗೆ ಬೀಜಿಂಗ್‌ನಲ್ಲಿದ್ದ ಫ್ರೆಂಚ್ ಸೈನಿಕರು ಅದರ ಫೋಟೋ ತೆಗೆದರು. ಅವು ಪೋಸ್ಟ್‌ಕಾರ್ಡ್‌ಗಳಾಗಿ ಯುರೋಪಿನಲ್ಲೆಲ್ಲ ಓಡಾಡಿದವು. ಚೀನೀಯರು ಹುಟ್ಟಾ ಕ್ರೂರಿಗಳು ಅನ್ನೋದಕ್ಕೆ ಸಾಕ್ಷಿ ಸಿಕ್ಕಿತು. ಅವರಿಗೆ ನರಗಳೇ ಇಲ್ಲವೇನೋ ಎಂಬಂತೆ ಅಮೆರಿಕದ ಪಾದ್ರಿ ಆರ್ಥರ್ ಸ್ಮಿತ್ ತನ್ನ ಪುಸ್ತಕದಲ್ಲಿ ಒಂದಿಡೀ ಅಧ್ಯಾಯವನ್ನೇ ಬರೆದಿದ್ದ!

ಆದ್ರೆ 1757ರಲ್ಲಿ ಪ್ಯಾರಿಸ್ಸಿನಲ್ಲೇ ದಾಮಿಯೆನ್ ಎಂಬಾತನ ಮಾಂಸವನ್ನು ಇಕ್ಕಳದಿಂದ ಕಿತ್ತು, ಕೈಕಾಲುಗಳನ್ನು ಕುದುರೆಗಳಿಂದ ಎಳೆಸಿದ್ದರು. ದೇಹ ಸೀಳುವ ಶಿಕ್ಷೆ ಬ್ರಿಟನ್ನಿನ ಕಾನೂನಿನಿಂದ ಹೋಗಿದ್ದು 1870ರಲ್ಲಿ. ಚೀನಾದಲ್ಲಿ ಶೆನ್ ಜಿಯಾಬೆನ್ ಎಂಬ ಕಾನೂನು ಪಂಡಿತ ಒತ್ತಾಯಿಸಿ, 1905ರ ಏಪ್ರಿಲ್‌ನಲ್ಲೇ ಲಿಂಗ್‌ಚಿ ರದ್ದಾಯಿತು. ಇದು ಪೋಸ್ಟ್‌ಕಾರ್ಡಿಗೆ ಹತ್ತಲಿಲ್ಲ. ಫ್ರಾನ್ಸ್ ಮಾತ್ರ 1939ರವರೆಗೂ ಗಿಲೊಟಿನ್ನಿನಲ್ಲಿ ಬಹಿರಂಗವಾಗಿಯೇ ತಲೆ ಕಡಿಸಿತು. ಅದನ್ನು ನೋಡಿ ‘ಫ್ರೆಂಚರ ರಕ್ತವೇ ಅಂಥದ್ದು’ ಅಂದವರನ್ನು ನಾನಂತೂ ಕಂಡಿಲ್ಲ.